ಮಗುವಿಗೆ ಯಾವ ಭಾಷೆಯ ಹೆಸರು?

(ಶಿವಾಜಿನಗರದಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯ ಯಾವುದೆಂದು ತಿಳಿದಾಗ ಕೆಲವು ಮಿತ್ರರು ನಕ್ಕರು. ಶಿಕ್ಷಣ, ಉದ್ಯೋಗ, ವಕ್ಫ್ ಆಸ್ತಿ, ವರದಕ್ಷಿಣೆ ಎಂದು ಸಮುದಾಯದ ಮುಂದೆ ಇಷ್ಟೊಂದು ಸಮಸ್ಯೆಗಳು ಸಾಲುಗಟ್ಟಿ ನಿಂತಿರುವಾಗ ಮಗುವಿಗೆ ಹೆಸರಿಡುವುದರ ಕುರಿತು ಒಂದು ಭಾಷಣವೇ ಎಂದರು. ಆದರೆ ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿದೆ, ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಈ ಹೆಸರನ್ನು ಇಡಬಹುದೇ? ಇದು ಇಸ್ಲಾಮೀ ಹೆಸರೇ?" ಈ ಪ್ರಶ್ನೆಯ ಹಿಂದೆ ಕೆಲವೊಮ್ಮೆ ಧರ್ಮಶ್ರದ್ಧೆ ಇರುತ್ತದೆ, ಕೆಲವೊಮ್ಮೆ ಅತ್ತೆ ಸೊಸೆಯರ ಜಗಳವಿರುತ್ತದೆ. ಇತ್ತೀಚೆಗೆ ಹೆಚ್ಚಾಗಿ ಭಯವಿರುತ್ತದೆ. ಆ ಭಯದ ಮಾತಿಗೆ ಆಮೇಲೆ ಬರುತ್ತೇನೆ.

ನಾವು ಕುಳಿತಿರುವ ಸ್ಥಳದಿಂದಲೇ ಆರಂಭಿಸೋಣ. ಈ ಸಭೆಯಲ್ಲಿರುವ ಅನೇಕರು ಹುಟ್ಟಿದ್ದು ಇಲ್ಲೇ ಸಮೀಪದ ಗೋಷಾ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿಸಿಕೊಟ್ಟ ದಾನಿ ಸರ್ ಹಾಜಿ ಇಸ್ಮಾಯಿಲ್ ಸೇಟ್. ಈ ಹೆಸರನ್ನು ಬಿಡಿಸಿ ನೋಡಿ. 'ಸರ್' ಬ್ರಿಟಿಷರು ಕೊಟ್ಟ ಬಿರುದು. 'ಹಾಜಿ' ಅರಬಿ. 'ಇಸ್ಮಾಯಿಲ್' ಮೂಲತಃ ಹೀಬ್ರೂ ಪದ, ದೇವನು ಆಲಿಸುತ್ತಾನೆ ಎಂದು ಅದರ ಅರ್ಥ. 'ಸೇಟ್' ಎಂಬುದು 'ಸೇಠ್'. ಅದರ ಬೇರು ಸಂಸ್ಕೃತದ 'ಶ್ರೇಷ್ಠಿ'. ಕನ್ನಡದ 'ಶೆಟ್ಟಿ' ಎಂಬ ಪದವೂ ಆ ಶ್ರೇಷ್ಠಿಯಿಂದಲೇ ಬಂದದ್ದು. ನಾಲ್ಕು ಪದಗಳು, ನಾಲ್ಕು ನಾಡುಗಳು. ಹಾಗೆಂದು ಅವರ ಮುಸ್ಲಿಮತನದಲ್ಲಿ ಕಾಲುಭಾಗವಷ್ಟೇ ಅಸಲಿ ಎಂದು ಯಾರಾದರೂ ಲೆಕ್ಕ ಹಾಕಿದರೇ?

ಈ ದಂಡುಪ್ರದೇಶದಲ್ಲಿ ಹೆಸರುಗಳು ಹೀಗೆ ಬೆರೆತೇ ಬೆಳೆದಿವೆ. ಈ ಬಡಾವಣೆಗೇ ಹಿಂದೆ ಬ್ಲ್ಯಾಕ್‌ಪಳ್ಳಿ ಎಂಬ ಹೆಸರಿತ್ತು. ಫ್ರೇಜರ್ ಟೌನ್ ಕಾಗದದಲ್ಲಿ ಪುಲಕೇಶಿನಗರವಾಗಿ ದಶಕಗಳೇ ಕಳೆದರೂ ಬಾಯಲ್ಲಿ ಫ್ರೇಜರ್ ಟೌನ್ ಆಗಿಯೇ ಉಳಿದಿದೆ. 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿಯವರ ಹೆಸರಿಡುವ ಮಾತು ಬಂದಾಗ ಎಷ್ಟು ಕೋಲಾಹಲವಾಯಿತೆಂಬುದನ್ನು ನೀವು ನೋಡಿದ್ದೀರಿ. ಆ ಮೇರಿ ನಮಗೂ ಹಝ್ರತ್ ಮರ್ಯಮ್(ಅ). ಪವಿತ್ರ ಕುರ್‌ಆನ್ ಹೆಸರು ಹಿಡಿದು ಉಲ್ಲೇಖಿಸಿದ ಏಕೈಕ ಮಹಿಳೆ ಅವರು. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅವರದ್ದೇ ಹೆಸರಿದೆ. ಬಸಿಲಿಕಾದ ಬೀದಿಯಲ್ಲಿ ಅದು ಆರೋಗ್ಯ ಮೇರಿ, ನಮ್ಮ ಓಣಿಯಲ್ಲಿ ಮರ್ಯಮ್, ಕರಾವಳಿಯ ಬ್ಯಾರಿ ಮನೆಗಳಲ್ಲಿ ಮರಿಯಮ್ಮ.

ಹಾಗಾದರೆ ಇಸ್ಲಾಮೀ ಹೆಸರು ಎಂದರೆ ಯಾವುದು? ಪ್ರವಾದಿವರ್ಯರ(ಸ) ಕಾಲದಲ್ಲಿ ಸಾವಿರಾರು ಮಂದಿ ಇಸ್ಲಾಮ್ ಸ್ವೀಕರಿಸಿದರು. ಅವರಲ್ಲಿ ಬಹುಪಾಲು ಮಂದಿ ಹಳೆಯ ಹೆಸರಿನಲ್ಲೇ ಉಳಿದರು. ಉಮರ್, ಉಸ್ಮಾನ್, ಹಂಝಾ, ಖದೀಜಾ: ಇವೆಲ್ಲ ಇಸ್ಲಾಮಿಗೆ ಮೊದಲೇ ತಂದೆತಾಯಿಗಳು ಇಟ್ಟ ಹೆಸರುಗಳು. ಈಜಿಪ್ಟಿನಿಂದ ಬಂದ ಮಾರಿಯಾ(ರ) ಮಾರಿಯಾ ಆಗಿಯೇ ಇದ್ದರು. ಅವರ ಹೊಟ್ಟೆಯಲ್ಲಿ ಗಂಡುಮಗು ಹುಟ್ಟಿದಾಗ ಪ್ರವಾದಿವರ್ಯರು(ಸ) ತಮ್ಮ ಪೂರ್ವಪಿತ ಇಬ್ರಾಹೀಮರ(ಅ) ಹೆಸರನ್ನು ಅದಕ್ಕೆ ಇಟ್ಟರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕಾಪ್ಟಿಕ್ ತಾಯಿ, ಅರಬ್ ತಂದೆ, ಅರಬಿಗಿಂತ ಹಳೆಯ ಭಾಷೆಯಿಂದ ಬಂದ ಹೆಸರು.

ಪ್ರವಾದಿವರ್ಯರು(ಸ) ಬದಲಾಯಿಸಿದ ಹೆಸರುಗಳೂ ಇವೆ. ಆದರೆ ಯಾವುವು? 'ಆಸಿಯಾ' ಎಂಬ ಹೆಸರನ್ನು 'ಜಮೀಲಾ' ಎಂದು ಬದಲಾಯಿಸಿದರು. ಇದು ಫಿರ್‌ಔನನ ಪತ್ನಿಯ ಹೆಸರಾದ ಆಸಿಯಾ ಅಲ್ಲ. ಐನ್ ಮತ್ತು ಸ್ವಾದ್ ಅಕ್ಷರಗಳಿರುವ ಬೇರೆ ಪದ, ಅವಿಧೇಯಳು ಎಂದು ಅದರ ಅರ್ಥ. 'ಹಝ್ನ್' ಎಂದರೆ ಒರಟು ನೆಲ. ಆ ಹೆಸರಿನವರಿಗೆ ಸರಳ, ಮೃದು ಎಂಬ ಅರ್ಥದ 'ಸಹ್ಲ್' ಎಂಬ ಹೆಸರನ್ನು ಸೂಚಿಸಿದರು. ತಂದೆ ಇಟ್ಟ ಹೆಸರನ್ನು ಬಿಡಲಾರೆನೆಂದು ಅವರು ಒಪ್ಪಲಿಲ್ಲ. ಆ ಒರಟುತನ ನಮ್ಮ ವಂಶದಲ್ಲಿ ಉಳಿದೇಬಿಟ್ಟಿತೆಂದು ಅವರ ಮೊಮ್ಮಗ, ಮಹಾವಿದ್ವಾಂಸ ಸಈದ್ ಬಿನ್ ಮುಸಯ್ಯಿಬ್ ಹೇಳಿದ್ದು ಬುಖಾರಿಯಲ್ಲಿದೆ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಹಿಂದಿನ ಹೆಸರು ಅಲ್ಲಾಹನಲ್ಲದವರ ದಾಸನೆಂದು ಹೇಳುತ್ತಿತ್ತು, ಅದನ್ನು ಬದಲಾಯಿಸಲಾಯಿತು. ಗಮನಿಸಿ, ಬದಲಾಯಿಸಿದ ಈ ಹೆಸರುಗಳೆಲ್ಲ ಶುದ್ಧ ಅರಬಿ ಹೆಸರುಗಳು. ತೂಕ ಹಾಕಿದ್ದು ಅರ್ಥವನ್ನು.

ಮದ್ರಸಾದಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ಅರಬಿ ವ್ಯಾಕರಣದ ಪಿತಾಮಹ ಸೀಬವೈಹ್, ಅವರ ಹೆಸರು ಪಾರ್ಸಿ. ಹದೀಸಿನ ಆರು ಪ್ರಮುಖ ಗ್ರಂಥಗಳಲ್ಲೊಂದರ ಕರ್ತೃ ಇಬ್ನ್ ಮಾಜಾ, ಆ 'ಮಾಜಾ' ಅರಬಿಯಲ್ಲ. ಇಮಾಮ್ ಅಬೂ ಹನೀಫಾರ ಅಜ್ಜನ ಹೆಸರು ಝೂತಾ. ಇಮಾಮ್ ಬುಖಾರಿಯವರ ವಂಶಾವಳಿಯ ತುದಿಯಲ್ಲಿ ಬರ್ದಿಝ್‌ಬಹ್ ಎಂಬ ಹೆಸರು ನಿಂತಿದೆ. ರೈತ ಎಂದು ಅದರ ಅರ್ಥವಂತೆ. ನಾಲಿಗೆ ತೊಡರುವ ಈ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಆದರೆ ಅವು ಏನನ್ನು ಹೇಳುತ್ತಿವೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಇನ್ನು ನಮ್ಮ ಮನೆಗಳಿಗೆ ಬನ್ನಿ. ಪರ್ವೀನ್, ಶಹನಾಝ್, ಫಿರೋಝ್, ಜಮ್ಶೇದ್, ರುಸ್ತುಮ್: ಇವು ಪಾರ್ಸಿ ಹೆಸರುಗಳು. ಕೊನೆಯ ಎರಡು ಇಸ್ಲಾಮಿಗಿಂತ ಹಿಂದಿನ ಇರಾನಿನ ಪುರಾಣಪುರುಷರವು. ಪರ್ವೇಝ್ ಎಂಬ ಹೆಸರು ನಮ್ಮಲ್ಲಿ ಎಷ್ಟು ಸಾಮಾನ್ಯ! ಪ್ರವಾದಿವರ್ಯರ(ಸ) ಪತ್ರವನ್ನು ಹರಿದೆಸೆದ ಪಾರಸಿಕ ಚಕ್ರವರ್ತಿಯ ಹೆಸರು ಖುಸ್ರೂ ಪರ್ವೇಝ್. ಪರ್ವೇಝ್ ಎಂಬ ಹೆಸರಿನ ಸಹೋದರರು ಗಾಬರಿಯಾಗಬೇಡಿ. ಆ ಪದಕ್ಕೆ ವಿಜಯಿ ಎಂಬ ಒಳ್ಳೆಯ ಅರ್ಥವಿದೆ. ಪರ್ವೇಝ್ ಎಂಬುದನ್ನು ಯಾರೂ ಪ್ರಶ್ನಿಸದ ಸಮುದಾಯ, ಕನ್ನಡದ ಒಂದು ನಿರಪರಾಧಿ ಪದವನ್ನು ಕಂಡು ಬೆಚ್ಚುವುದೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಹೀಗೆ ಬೆಚ್ಚಿದ ಪ್ರಸಂಗವೊಂದು ನನಗೆ ಗೊತ್ತು. ಹಲಸೂರಿನಲ್ಲಿ ಕನ್ನಡ ಕಲಿಸುವ ಸಹೋದರಿಯೊಬ್ಬರು ತಮ್ಮ ಮಗಳಿಗೆ 'ಸವಿ' ಎಂದು ಹೆಸರಿಡಬಯಸಿದರು. ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಅಕೀಕಾದ ದಿನ ಬಂದ ಹಿರಿಯರೊಬ್ಬರು, ಇದು ಕಾಫಿರರ ಹೆಸರು, ಬೇಡ, 'ಶೀರೀನ್' ಎಂದಿಡಿ ಎಂದು ಅಪ್ಪಣೆ ಕೊಟ್ಟರು. ಶೀರೀನ್ ಎಂದರೆ ಪಾರ್ಸಿಯಲ್ಲಿ ಸವಿ! ಅಷ್ಟೇ ಅಲ್ಲ, ಚರಿತ್ರೆಯ ಪ್ರಸಿದ್ಧ ಶೀರೀನ್ ಆ ಖುಸ್ರೂ ಪರ್ವೇಝನ ಕ್ರೈಸ್ತ ರಾಣಿ. ಆ ತಾಯಿಗೆ ಇದು ಗೊತ್ತಿತ್ತು. ಹಿರಿಯರಿಗೆ ಎದುರಾಡಬಾರದೆಂದು ಸುಮ್ಮನಿದ್ದರು. ಆ ಹುಡುಗಿ ಈಗ ಶೀರೀನ್ ಎಂದೇ ಶಾಲೆಗೆ ಹೋಗುತ್ತಿದ್ದಾಳೆ. ತಾಯಿ ಮಾತ್ರ ಮಲಗಿಸುವಾಗ ಸವಿ ಎಂದು ಕರೆಯುತ್ತಾರಂತೆ.

ಯಾಸ್ಮೀನ್ ಎಂದರೆ ಎಲ್ಲರಿಗೂ ಸಂತೋಷ. ಅದು ಮಲ್ಲಿಗೆಯೇ ಅಲ್ಲವೇ? ರೈಹಾನ್ ಎಂಬ ಹೆಸರನ್ನು ಎಷ್ಟೊಂದು ಮಂದಿ ಇಡುತ್ತಿದ್ದಾರೆ. ಅದು ನಮ್ಮ ಕಾಮಕಸ್ತೂರಿ ಗಿಡ. ರಮಝಾನ್ ಸಂಜೆ ಇಲ್ಲಿನ ಅಂಗಡಿಗಳಲ್ಲಿ ಫಾಲೂದಾಕ್ಕೆ ಹಾಕುವ ಸಬ್ಜಾ ಬೀಜ ಅದರದ್ದೇ. ಒಂದೇ ಹೂವು, ಒಂದೇ ಎಲೆ. ಭಾಷೆ ಬದಲಾದೊಡನೆ ಧರ್ಮ ಬದಲಾಗುವುದು ಹೇಗೆ? ಭಾಷೆಗಳ ವೈವಿಧ್ಯವೇ ತನ್ನ ದೃಷ್ಟಾಂತಗಳಲ್ಲೊಂದು ಎಂದು ಅಲ್ಲಾಹನು ಸೂರಃ ಅರ್‍ರೂಮ್‌ನಲ್ಲಿ ಹೇಳಿದ್ದಾನೆ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರವರ ಜನರ ಭಾಷೆಯಲ್ಲಿಯೇ ಕಳುಹಿಸಿದ್ದಾಗಿಯೂ ಹೇಳಿದ್ದಾನೆ.

ಎಲ್ಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಲ್ಲಾಹನಲ್ಲದವರ ದಾಸ್ಯವನ್ನು ಸೂಚಿಸುವ ಹೆಸರು, ಬೇರೊಂದು ಧರ್ಮದ ಆರಾಧ್ಯರ ಹೆಸರು, ಕೆಟ್ಟ ಅರ್ಥದ ಹೆಸರು ಬೇಡ. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ತಕ್ಕಡಿಯಲ್ಲಿ ನಮ್ಮ ಹಳೆಯ ಹೆಸರುಗಳನ್ನೂ ಇಟ್ಟು ನೋಡುವ ಧೈರ್ಯ ಬೇಕು. 'ಪೀರ್ ಬಕ್ಷ್' ಎಂದರೆ ಪೀರರು ದಯಪಾಲಿಸಿದವನು. ಮಗುವನ್ನು ಕೊಡುವವನು ಯಾರು? ಕೇಳಲು ಮುಸ್ಲಿಮ್ ಹೆಸರಿನಂತಿರುವ ಇದು ತೌಹೀದ್‌ಗೆ ಹತ್ತಿರವೋ, 'ಬೆಳಕು' ಎಂಬ ಕನ್ನಡ ಪದವೋ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅರ್ಥ ಮುಖ್ಯ ಎಂದಾದರೆ, ಆ ಅರ್ಥ ಯಾರಿಗಾದರೂ ತಿಳಿಯಬೇಕಲ್ಲ! ಮದೀನಾದ ಬೀದಿಯಲ್ಲಿ ಜಮೀಲಾ ಎಂದು ಕರೆದರೆ, ಸುಂದರಿ ಎಂದು ಕರೆದದ್ದು ಹಾಲು ಮಾರುವವನಿಗೂ ತಿಳಿಯುತ್ತಿತ್ತು. ಸಹಾಬಿಗಳ ಹೆಸರುಗಳು ಅವರ ಆಡುಮಾತಿನ ಪದಗಳಾಗಿದ್ದವು. ನಮಗೋ ಹೆಸರೆಂಬುದು ಬರಿಯ ಧ್ವನಿಯಾಗಿದೆ. 'ಅಲೀಮ್' ಎಂಬ ಹೆಸರನ್ನು ತೆಗೆದುಕೊಳ್ಳಿ. ಐನ್ ಅಕ್ಷರದಿಂದ ಬರೆದರೆ ಬಲ್ಲವನು, ಜ್ಞಾನಿ. ಅಲಿಫ್‌ನಿಂದ ಬರೆದರೆ ಯಾತನಾಮಯ. ಕುರ್‌ಆನ್‌ನಲ್ಲಿ ನರಕದ ಶಿಕ್ಷೆಗೆ ಬಳಸಿದ ವಿಶೇಷಣ. ಕನ್ನಡದಲ್ಲಿ ಎರಡೂ 'ಅಲೀಮ್', ಇಂಗ್ಲಿಷ್‌ನಲ್ಲಿಯೂ ಒಂದೇ. ನಮ್ಮ ಮಕ್ಕಳು ಈಗ ಉರ್ದು ಲಿಪಿ ಓದುವುದನ್ನೇ ಬಿಡುತ್ತಿದ್ದಾರೆ. ತನ್ನ ಹೆಸರಿನಲ್ಲಿರುವುದು ಜ್ಞಾನವೋ ಯಾತನೆಯೋ ಎಂಬುದು ಆ ಹುಡುಗನಿಗೆ ತಿಳಿಯುವುದಾದರೂ ಹೇಗೆ?

ಹೊಸ ಫ್ಯಾಷನ್ನಿನ ಕಥೆ ಬೇರೆಯೇ ಇದೆ. ನೆರೆಮನೆಯವರು ಕೇಳಿರಬಾರದು, ಅಪರೂಪದ್ದಾಗಿರಬೇಕು, ಕುರ್‌ಆನ್‌ನಲ್ಲಿಯೂ ಇರಬೇಕು ಎಂದು ಹುಡುಕಿ 'ಅನಮ್ತಾ' ಎಂದು ಹೆಸರಿಡುತ್ತಾರೆ. ಸೂರಃ ಫಾತಿಹಾದಲ್ಲಿ ಬರುವ ಅದು ಹೆಸರೇ ಅಲ್ಲ, ಭೂತಕಾಲದ ಕ್ರಿಯಾಪದ: 'ನೀನು ಅನುಗ್ರಹಿಸಿದೆ' ಎಂದು. 'ಲಾರೈಬ್' ಎಂದರೆ 'ಸಂಶಯವಿಲ್ಲ'. ಹೆಣ್ಣುಮಗುವನ್ನು 'ಸಂಶಯವಿಲ್ಲ, ಬಾ ಇಲ್ಲಿ' ಎಂದು ಕರೆದಂತಾಯಿತು. ಇದರಲ್ಲಿ ಪಾಪವೇನಿಲ್ಲ. ಆದರೆ ಇದನ್ನು ಧಾರ್ಮಿಕ ಹೆಸರೆಂದು ಹೆಮ್ಮೆಪಡುತ್ತಾ 'ಸವಿ'ಯನ್ನು ತಳ್ಳಿಹಾಕುವುದನ್ನು ಒಪ್ಪಲಾಗದು.

ಕರ್ನಾಟಕದ ಮುಸ್ಲಿಮರು ಹಿಂದೆ ಹೀಗಿರಲಿಲ್ಲ. ಬ್ಯಾರಿಗಳಲ್ಲಿ ಹಾಜಬ್ಬ, ಉಸ್ಮಾನಬ್ಬ ಎಂಬ ಹೆಸರುಗಳಿವೆ. ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬರಿಗೆ 2020ರ ಸಾಲಿನ ಪದ್ಮಶ್ರೀ ಬಂದಾಗ ಆ ಹೆಸರು ದೇಶವನ್ನೆಲ್ಲ ಸುತ್ತಿತು. ಕತೆಗಾರ ಬೊಳುವಾರು ಮಹಮದ್ ಕುಂಞಿಯವರ ಹೆಸರಿನ ಕೊನೆಯಲ್ಲಿರುವ 'ಕುಂಞಿ' ಮಗು ಎಂಬರ್ಥದ ದ್ರಾವಿಡ ಪದ. ಪ್ರವಾದಿವರ್ಯರ(ಸ) ನಾಮದ ಪಕ್ಕದಲ್ಲಿ ಅದು ಎಷ್ಟು ಮುದ್ದಾಗಿ ಕುಳಿತಿದೆ ನೋಡಿ. ಉತ್ತರ ಕರ್ನಾಟಕದಲ್ಲಿ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳಿವೆ. ಹರಕೆಯ ಹೆಸರುಗಳ ಕುರಿತು ನಮ್ಮ ನಿಲುವು ಬೇರೆ, ಅದಿರಲಿ. ಅರಬಿಯ 'ಫಕೀರ್'ಗೆ ಕನ್ನಡದ 'ಅಪ್ಪ'ನನ್ನು ಸೇರಿಸಿ ಮಗುವಿಗಿಡಲು ಆ ತಾಯಂದಿರು ಅಂಜಲಿಲ್ಲ. ನಾವೇಕೆ ಕನ್ನಡಕ್ಕೆ ಅಂಜಬೇಕು?

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಲೇಖಕಿಯ ಹೆಸರು ಬಾನು ಮುಷ್ತಾಕ್. ಪಾರ್ಸಿಯಲ್ಲಿ 'ಬಾನು' ಎಂದರೆ ಗೌರವಾನ್ವಿತ ಮಹಿಳೆ. ಕನ್ನಡದಲ್ಲಿ ಆಕಾಶ! ಎರಡು ಭಾಷೆಗಳೂ ತಮ್ಮದೆಂದು ಹೇಳಿಕೊಳ್ಳಬಹುದಾದ ಹೆಸರು. ಇಂಡೊನೇಷ್ಯಾದ ಮುಸ್ಲಿಮರಲ್ಲಿ ಸುಕರ್ಣೊ, ಮೇಘಾವತಿ, ಯುಧೊಯೊನೊ ಎಂಬ ಹೆಸರುಗಳ ಅಧ್ಯಕ್ಷರು ಆಳಿದರು. ಸಂಸ್ಕೃತದ ಬೇರಿನ ಆ ಹೆಸರುಗಳೊಂದಿಗೇ ಅವರು ನಮಾಝ್ ಮಾಡಿದರು, ಹಜ್ ಮಾಡಿದರು.

ಸಹೋದರರೇ, ಈಗ ಭಯದ ಮಾತು.

ಕೆ.ಆರ್. ಪುರದ ಕಡೆಯ ಒಬ್ಬ ಯುವಕ ನನ್ನನ್ನು ಮನೆಗೆ ಕರೆಸಿಕೊಂಡಿದ್ದರು. ಒಳ್ಳೆಯ ಉದ್ಯೋಗ, ವಿದ್ಯಾವಂತ ಪತ್ನಿ, ಇಪ್ಪತ್ತು ದಿನದ ಗಂಡುಮಗು. ಅಜ್ಜಿಗೆ ತೀರಿಹೋದ ತನ್ನ ಪತಿಯ ಹೆಸರನ್ನು, ಅಬ್ದುಲ್ ಖಾದರ್ ಎಂದು, ಇಡಬೇಕೆಂಬ ಆಸೆ. ಮಗನಿಗೆ 'ಆರ್ಯನ್' ಎಂದಿಡಬೇಕೆಂಬ ಹಟ. ಅಜ್ಜಿ ಮೂರು ದಿನಗಳಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾನು ಕಾರಣ ಕೇಳಿದೆ. ಆತ ಹೇಳಿದರು: "ಹಝ್ರತ್, ಇಂದಿರಾನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಹನ್ನೊಂದು ಕಡೆ ಫೋನಿನಲ್ಲಿ ಎಲ್ಲ ಒಪ್ಪಂದವಾಯಿತು. ಹೆಸರು ಹೇಳಿದ ಮೇಲೆ ಮನೆ ಬೇರೆಯವರಿಗೆ ಆಗಿದೆ ಎಂದರು. ನಾನು ಅನುಭವಿಸಿದ್ದನ್ನು ನನ್ನ ಮಗನೂ ಅನುಭವಿಸಬೇಕೇ?"

ಈ ತಂದೆಯನ್ನು ಬಯ್ಯುವುದು ಸುಲಭ. ನಾನು ಬಯ್ಯಲಿಲ್ಲ, ನೀವೂ ಬಯ್ಯಬೇಡಿ. ಆ ಭಯ ಸುಳ್ಳಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ಇಬ್ಬರು ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕಾ ಜಾಹೀರಾತುಗಳನ್ನು ನೋಡಿ ಖಾಸಗಿ ಕಂಪನಿಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳುಹಿಸಿದರು. ಬದಲಾಯಿಸಿದ್ದು ಹೆಸರನ್ನು ಮಾತ್ರ: ಒಂದು ಮೇಲ್ಜಾತಿಯದು, ಒಂದು ದಲಿತರದು, ಒಂದು ಮುಸ್ಲಿಮರದು. ಮೇಲ್ಜಾತಿಯ ಹೆಸರಿನೊಂದಿಗೆ ಹೋಲಿಸಿದರೆ ಮುಸ್ಲಿಮ್ ಹೆಸರಿಗೆ ಕರೆ ಬರುವ ಸಂಭವದ ಅನುಪಾತ 0.33 ಎಂದು ಅವರು ಕಂಡರು. ಆ ಯುವಕ ಹನ್ನೊಂದು ಬಾಗಿಲುಗಳಲ್ಲಿ ಕಂಡದ್ದೂ ಇದನ್ನೇ.

ಆದರೂ ನಾನು ಆತನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: "ಅರ್ಜಿಯಲ್ಲಿ ಮಗುವಿನ ಹೆಸರಿನ ಕೆಳಗೆ ತಂದೆಯ ಹೆಸರಿನ ಅಂಕಣವಿರುತ್ತದೆಯಲ್ಲ, ಅಲ್ಲಿ ಏನು ಬರೆಯುವಿರಿ?" ಆತ ಉತ್ತರಿಸಲಿಲ್ಲ. ಒಳಗಿನಿಂದ ಆತನ ಪತ್ನಿ ಹೇಳಿದರು: "ನಿಮ್ಮ ಹೆಸರು ನಾಚಿಕೆಯದ್ದೆಂದು ನನಗೆ ಬೇರೆ ಹೆಸರಿಟ್ಟಿರಾ ಎಂದು ಅವನು ದೊಡ್ಡವನಾಗಿ ಕೇಳಿದರೆ?"

'ಸವಿ'ಗೂ ಈ 'ಆರ್ಯನ್'ಗೂ ಇರುವ ವ್ಯತ್ಯಾಸ ಇದೇ. ಎರಡೂ ಹೊರಗಿನ ಹೆಸರುಗಳೆಂದು ಅಜ್ಜಿಯರಿಗೆ ಅನ್ನಿಸಬಹುದು. ಒಂದರಲ್ಲಿ ತಾಯಿ ತನಗೆ ಪ್ರಿಯವಾದುದನ್ನು ಮಗಳಿಗೆ ಕೊಡುತ್ತಿದ್ದಾಳೆ. ಇನ್ನೊಂದರಲ್ಲಿ ತಂದೆ ತನ್ನನ್ನೇ ಮಗನಿಂದ ಮರೆಮಾಡುತ್ತಿದ್ದಾನೆ. ಮೊದಲನೆಯದಕ್ಕೆ ಶರೀಅತ್ತಿನ ಅಡ್ಡಿಯಿಲ್ಲ. ಎರಡನೆಯದನ್ನು ಹರಾಮ್ ಎಂದು ನಾನು ಹೇಳಲಾರೆ, ಆದರೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಕನ್ನಡದಲ್ಲಿ ಬರೆದು ಕನ್ನಡಕ್ಕೆ ಜಗತ್ತಿನ ಪ್ರಶಸ್ತಿ ತಂದ ಬಾನು ಮುಷ್ತಾಕ್ ಅವರು ಅದೇ ವರ್ಷ ಮೈಸೂರು ದಸರಾ ಉದ್ಘಾಟಿಸಬಾರದೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದರು. ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತೆಂಬುದು ಬೇರೆ ಮಾತು. 2016ರಲ್ಲಿ ಮುಂಬಯಿಯ ಚಿತ್ರನಟರ ದಂಪತಿಗೆ ಹುಟ್ಟಿದ ಮಗುವಿಗೆ ತೈಮೂರ್ ಎಂದು ಹೆಸರಿಟ್ಟಾಗ, ಹಸುಗೂಸೆಂಬುದನ್ನೂ ನೋಡದೆ ಶಪಿಸಿದವರು ಎಷ್ಟು ಮಂದಿ! ಬಾಗಿಲು ಮುಚ್ಚುವವರ ತಪ್ಪಿಗೆ ದಂಡ ತೆರಬೇಕಾದದ್ದು ಮಗುವಿನ ಹೆಸರಲ್ಲ. ಆ ಬಾಗಿಲನ್ನು ತಟ್ಟುವ, ಪ್ರಶ್ನಿಸುವ, ಕಾನೂನಿನ ಮುಂದೆ ತರುವ ಕೆಲಸ ನಮ್ಮಂಥ ದೊಡ್ಡವರದು.

ಆ ಮಗುವಿಗೆ ಕೊನೆಗೆ ಏನು ಹೆಸರಿಟ್ಟರೆಂದು ಕೇಳಬೇಡಿ, ಅದು ಆ ಮನೆಯ ಮಾತು. ಅಜ್ಜಿ ಮಾತ್ರ ಆ ರಾತ್ರಿ ಊಟ ಮಾಡಿದರು.

ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆದರೆ ಹೆಸರು ಅಷ್ಟರಲ್ಲೇ ಆಗಲೇಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಅವಕಾಶವಿದೆ. ಆದ್ದರಿಂದ ಆಸ್ಪತ್ರೆಯ ಗುಮಾಸ್ತ ಅವಸರಪಡಿಸಿದನೆಂದು ಬಾಯಿಗೆ ಬಂದದ್ದನ್ನು ಬರೆಸಬೇಡಿ. ಏಳನೆಯ ದಿನ ಮನೆಯವರೆಲ್ಲ ಕುಳಿತು ನಿರ್ಧರಿಸಿ, ಬರೆಸಿ. 2023ರ ತಿದ್ದುಪಡಿಯ ನಂತರ ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರಕಾರಿ ಉದ್ಯೋಗ ಇವೆಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ, ಒಂದು ಕಾಗದದಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ 'ಎಂ.ಡಿ.' ಎಂದಿದ್ದವರು ಎಷ್ಟು ಆತಂಕಪಟ್ಟರೆಂದು ನೆನಪಿದೆಯಲ್ಲವೇ? ಹೆಸರನ್ನು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲಿಯೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಎಲ್ಲ ಕಡೆ ಅದೇ ಅಕ್ಷರಗಳನ್ನು ಕೊಡಿ. ಅಂಗನವಾಡಿಯ ಶಿಕ್ಷಕಿ ತಪ್ಪಿಲ್ಲದೆ ಬರೆಯಬಲ್ಲ ಹೆಸರಾದರೆ ಅರ್ಧ ಕಷ್ಟ ಕಳೆಯಿತು.

ಅಸ್ರ್‌ನ ಅಝಾನ್‌ಗೆ ಇನ್ನು ಐದು ನಿಮಿಷಗಳಿವೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಸಹೋದರಿಯರ ಕಡೆಯಿಂದ ಏಳೆಂಟು ಚೀಟಿಗಳು ಬಂದಿವೆ. ಅವುಗಳಲ್ಲಿರುವ ಹೆಸರುಗಳ ಅರ್ಥವನ್ನು ನಮಾಝ್ ಮುಗಿಸಿ ಬಂದು ಒಂದೊಂದಾಗಿ ಓದಿ ಹೇಳುತ್ತೇನೆ. ವಸ್ಸಲಾಮು ಅಲೈಕುಮ್.